ಗೌರಿ ಹಬ್ಬ ಬಂದಾಗ ಮುತ್ತೈದೆಯರೂ ಜಲಾಶಯಗಳ ಪಟ್ಟಿಗೆ ಸೇರಿದರು: ಕಂಪ್ಯೂಟರಿಗೆ ಕನ್ನಡ ಓದಿಸುವುದು ಹೇಗೆ?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಲಾಕ್‌ಡೌನ್ ಸಮಯದಲ್ಲಿ ಮನೆಯಲ್ಲೇ ಕೂತು ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಮು ಬರೆಯುವುದನ್ನು ಕಲಿತೆ. ಅಲ್ಲಿಂದ ಶುರುವಾದ ಹುಚ್ಚು ಇದು.

ಮಕ್ಕಳಿಗೆ ರಸಪ್ರಶ್ನೆ ಮಾಡಲು ಒಂದು ಪಟ್ಟಿ ಬೇಕಿತ್ತು. ಯಾವ ನದಿಗೆ ಯಾವ ಅಣೆಕಟ್ಟು, ಯಾವ ಊರು ಯಾವ ತಾಲ್ಲೂಕಿನಲ್ಲಿ, ಈ ತರಹದ್ದು. ಪುಸ್ತಕದಲ್ಲಿ ದೊಡ್ಡ ದೊಡ್ಡ ಅಣೆಕಟ್ಟು ಮಾತ್ರ ಸಿಗುತ್ತವೆ. ನಮ್ಮ ಮಕ್ಕಳ ಮನೆ ಪಕ್ಕದ ಕೆರೆ, ಚಿಕ್ಕ ಜಲಾಶಯ ಎಲ್ಲೂ ಇಲ್ಲ. ಆದರೆ ಅವುಗಳ ವಿಷಯ ಅಂತರ್ಜಾಲದಲ್ಲಿ ಚೆಲ್ಲಾಪಿಲ್ಲಿಯಾಗಿ ಬಿದ್ದಿದೆ. ಒಂದು ಸುದ್ದಿಯಲ್ಲಿ ಒಂದು ಸಾಲು, ಯಾರದೋ ಪ್ರವಾಸದ ಬರಹದಲ್ಲಿ ಇನ್ನೊಂದು ಸಾಲು. ಅದನ್ನೆಲ್ಲ ಕೂತು ಆರಿಸಲು ನನಗೆ ಎರಡು ವರ್ಷ ಬೇಕು. ಕಂಪ್ಯೂಟರೇ ಓದಿ ಆರಿಸಿಕೊಟ್ಟರೆ ಎಷ್ಟು ಚೆನ್ನ ಅನ್ನಿಸಿತು.

ನಾನು ಮಾಡಿದ್ದು ಇಷ್ಟು. ಹನ್ನೆರಡು ಜಲಾಶಯಗಳ ಹೆಸರು ಕೊಟ್ಟೆ. ಲಿಂಗನಮಕ್ಕಿ, ಆಲಮಟ್ಟಿ, ಕಬಿನಿ, ಹಾರಂಗಿ, ಹೇಮಾವತಿ ಹೀಗೆ. ಪ್ರೋಗ್ರಾಮು ನಾನು ಕೂಡಿಟ್ಟ ಕನ್ನಡ ಪುಟಗಳಲ್ಲಿ ಈ ಹೆಸರುಗಳು ಎಲ್ಲೆಲ್ಲಿ ಬಂದಿವೆ ಅಂತ ಹುಡುಕುತ್ತದೆ. ಹೆಸರಿನ ಹಿಂದೆ ಮುಂದೆ ಯಾವ ಮಾತು ಮತ್ತೆ ಮತ್ತೆ ಬರುತ್ತದೆ ಅಂತ ನೋಡುತ್ತದೆ. ಆಮೇಲೆ ಅದೇ ಮಾತುಗಳ ನಡುವೆ ಬೇರೆ ಯಾವ ಹೆಸರು ಕೂತಿದೆ ಅಂತ ನೋಡಿ, ಅದನ್ನೂ ಜಲಾಶಯ ಅಂತ ಬರೆದುಕೊಳ್ಳುತ್ತದೆ. ಆ ಹೊಸ ಹೆಸರಿನಿಂದ ಮತ್ತೆ ಹೊಸ ಮಾತು, ಆ ಮಾತಿನಿಂದ ಮತ್ತೆ ಹೊಸ ಹೆಸರು.

ಮೊದಲ ಎರಡು ಸುತ್ತು ನೋಡಿ ನನಗೆ ಕಣ್ಣಲ್ಲಿ ನೀರು ಬಂತು. ನಿಜವಾಗಿ. ‘ನದಿಗೆ ಅಡ್ಡಲಾಗಿ ಕಟ್ಟಿರುವ’ ಅನ್ನುವ ಮಾತನ್ನು ಅದಕ್ಕೆ ನಾನು ಹೇಳಿಕೊಟ್ಟಿರಲಿಲ್ಲ. ತಾನಾಗಿ ಕಂಡುಕೊಂಡಿತು. ಸೂಪಾ, ಗಾಜನೂರು, ಹಿಡಕಲ್, ಮಾರಿಕಣಿವೆ ಎಲ್ಲ ಬಂದವು. ಮೂರನೇ ಸುತ್ತಿನಲ್ಲಿ ‘ಬಾಗಿನ ಅರ್ಪಿಸಿದರು’ ಅನ್ನುವ ಮಾತನ್ನೂ ಹಿಡಿಯಿತು. ಮಳೆಗಾಲದಲ್ಲಿ ಜಲಾಶಯ ತುಂಬಿದ ತಕ್ಷಣ ಪೇಪರಿನಲ್ಲಿ ಬರುವ ಸುದ್ದಿ ಅದೇ ತಾನೆ? ನನಗೆ ಬಹಳ ಸಂತೋಷವಾಯಿತು. ಇದಕ್ಕಿಂತ ಒಳ್ಳೆಯ ಗುರುತು ಇನ್ನೇನು ಬೇಕು ಅಂದುಕೊಂಡೆ.

ನಾಲ್ಕನೇ ಸುತ್ತಿನಲ್ಲಿ ಎಲ್ಲ ಕೆಟ್ಟಿತು. ಗೌರಿ ಹಬ್ಬದ ಸುದ್ದಿಗಳು ಸಿಕ್ಕವು. ‘ಮುತ್ತೈದೆಯರಿಗೆ ಬಾಗಿನ’, ‘ತಾಯಿಗೆ ಬಾಗಿನ’, ‘ಗರ್ಭಿಣಿಯರಿಗೆ ಬಾಗಿನ’. ಅವರೆಲ್ಲರೂ ಜಲಾಶಯಗಳ ಪಟ್ಟಿಗೆ ಸೇರಿದರು. ಐದನೇ ಸುತ್ತಿಗೆ ‘ಆರೋಗ್ಯ ತಪಾಸಣೆ’ ಅನ್ನುವ ಮಾತು ಹೊಸ ಗುರುತಾಯಿತು, ಯಾಕೆಂದರೆ ಗರ್ಭಿಣಿಯರ ಪಕ್ಕ ಅದು ಜಾಸ್ತಿ ಬರುತ್ತದೆ. ಅಲ್ಲಿಂದ ಮುಂದೆ ಪಟ್ಟಿಯಲ್ಲಿ ನೀರಿನ ವಿಷಯವೇ ಇಲ್ಲ.

ಊಟದ ಪಟ್ಟಿಗೂ ಹೀಗೇ ಆಯಿತು. ‘ತಿಂದ’ ಅನ್ನುವುದು ಒಳ್ಳೆಯ ಗುರುತು ಅಂದುಕೊಂಡಿದ್ದೆ. ದೋಸೆ, ಮುದ್ದೆ, ಕಡುಬು ಆದಮೇಲೆ ಏಟು ಬಂತು, ಒದೆ ಬಂತು, ಲಂಚ ಬಂತು.

ನನ್ನ ಪ್ರಶ್ನೆ: ತಪ್ಪು ಎಲ್ಲಿದೆ? ‘ಬಾಗಿನ’ ಅನ್ನುವ ಮಾತನ್ನು ಕೈಯಿಂದ ತೆಗೆದುಹಾಕಿದರೆ ಸಾಕಾ? ಹೀಗೆ ಒಂದೊಂದೇ ತೆಗೆಯುತ್ತಾ ಹೋದರೆ ಕೊನೆಗೆ ನಾನೇ ಎಲ್ಲ ಮಾಡಿದ ಹಾಗೆ ಅಲ್ವಾ? ಇದನ್ನು ದೊಡ್ಡದಾಗಿ ಮಾಡಿದವರು ಏನು ಮಾಡಿದರು?

ಪದಜಾಲ

ಮೇಡಂ, ಮೊದಲು ಒಂದು ಮಾತು. ಬಾಗಿನವನ್ನು ತೆಗೆಯಬೇಡಿ. ಅದು ನಿಮ್ಮ ಪಟ್ಟಿಯ ಚಿನ್ನ. ತಪ್ಪು ಬಾಗಿನದ್ದಲ್ಲ. ನಿಮ್ಮ ಪ್ರೋಗ್ರಾಮಿಗೆ ಜಲಾಶಯ ಒಂದನ್ನು ಬಿಟ್ಟು ಲೋಕದಲ್ಲಿ ಬೇರೇನೂ ಗೊತ್ತಿಲ್ಲ. ಅದಕ್ಕೆ ‘ಮನುಷ್ಯರು’ ಅನ್ನುವ ಗುಂಪೇ ಇಲ್ಲ. ಹಾಗಿದ್ದಾಗ ಮುತ್ತೈದೆಯರನ್ನು ಅದು ಎಲ್ಲಿ ಕೂರಿಸಬೇಕು? ಇರುವ ಒಂದೇ ಮನೆಯಲ್ಲಿ ಕೂರಿಸಿತು.

ನಾನು ಕನ್ನಡ ಸುದ್ದಿಗಳ ಮೇಲೆ ಇಂಥದ್ದೇ ಕೆಲಸ ನಾಲ್ಕು ವರ್ಷ ಮಾಡಿದ್ದೇನೆ. ನೀವು ಬಿದ್ದ ಗುಂಡಿಯಲ್ಲಿ ನಾನೂ ಬಿದ್ದಿದ್ದೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನೀವು ಕಂಡುಕೊಂಡ ದಾರಿ ಹೊಸದಲ್ಲ, ಆದರೆ ಒಳ್ಳೆಯ ದಾರಿ. 1992ರಲ್ಲಿ ಮಾರ್ಟಿ ಹರ್ಸ್ಟ್ ಅನ್ನುವವರು ಇಂಗ್ಲಿಷಿನ ಒಂದೆರಡು ಮಾತುಗಳನ್ನು ಹಿಡಿದು, ಯಾವ ವಸ್ತು ಯಾವ ಬಗೆಗೆ ಸೇರಿದ್ದು ಅಂತ ಬರಹದಿಂದ ಎತ್ತಬಹುದು ಅಂತ ತೋರಿಸಿದರು. 1998ರಲ್ಲಿ ಸರ್ಗೇ ಬ್ರಿನ್, ಗೂಗಲ್ ಕಟ್ಟಿದ ಇಬ್ಬರಲ್ಲಿ ಒಬ್ಬರು, ಬರೀ ಐದು ಪುಸ್ತಕಗಳ ಹೆಸರು ಮತ್ತು ಬರೆದವರ ಹೆಸರು ಕೊಟ್ಟು ಶುರು ಮಾಡಿದರು. ನೀವು ಮಾಡಿದ ಹಾಗೇ ಸುತ್ತು ಸುತ್ತಾಗಿ ಹೋಗಿ 15,000ಕ್ಕೂ ಹೆಚ್ಚು ಪುಸ್ತಕಗಳನ್ನು ಹೆಕ್ಕಿದರು. ಆಮೇಲೆ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಓರನ್ ಎಟ್ಜಿಯೋನಿ ಅವರ ತಂಡವೂ ಈ ಕೆಲಸ ಮಾಡಿತು.

ನಿಮಗೆ ಬೇಕಾಗಿರುವುದು ಇದರ ಮುಂದಿನ ಕಥೆ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಇದೆ. ಅಲ್ಲಿ ಟಾಮ್ ಮಿಚೆಲ್ ಮತ್ತು ಅವರ ಜೊತೆಯವರು 2010ರ ಜನವರಿಯಲ್ಲಿ ‘ನೆಲ್’ ಅನ್ನುವ ಪ್ರೋಗ್ರಾಮನ್ನು ಓದಲು ಕೂರಿಸಿದರು. ಕಲಿಯುವುದನ್ನು ನಿಲ್ಲಿಸದ ಯಂತ್ರ ಅನ್ನುವ ಅರ್ಥದ ಹೆಸರು ಅದು. ಹಗಲು ರಾತ್ರಿ ಓದುವುದೇ ಅದರ ಕೆಲಸ. ಊರು, ಬೆಟ್ಟ, ಪಕ್ಷಿ, ಆಟಗಾರ, ಕಂಪನಿ ಹೀಗೆ 123 ಗುಂಪು ಕೊಟ್ಟಿದ್ದರು. ಯಾರು ಯಾವ ತಂಡಕ್ಕೆ ಆಡುತ್ತಾರೆ ಅನ್ನುವಂಥ 55 ಸಂಬಂಧ ಕೊಟ್ಟಿದ್ದರು. ಒಂದೊಂದಕ್ಕೂ ಹತ್ತು ಹದಿನೈದು ಉದಾಹರಣೆ, ಅಷ್ಟೇ. ನೀವು ಹನ್ನೆರಡು ಕೊಟ್ಟಿದ್ದೀರಿ ನೋಡಿ, ಹೆಚ್ಚು ಕಡಿಮೆ ಅದೇ ಅಳತೆ. 67 ದಿನದಲ್ಲಿ ಅದು 2,42,000ಕ್ಕೂ ಹೆಚ್ಚು ಸಂಗತಿಗಳನ್ನು ಬರೆದುಕೊಂಡಿತು. ಅದರಲ್ಲಿ ನೂರಕ್ಕೆ 74 ಸರಿ ಅಂತ ಅವರೇ ಅಂದಾಜು ಮಾಡಿದರು.

ನನಗೆ ಆ 74ಕ್ಕಿಂತ ದೊಡ್ಡದಾಗಿ ಕಾಣುವುದು ಇದರ ಬಗ್ಗೆ ಅವರು ಬರೆದ ಬರಹದಲ್ಲಿರುವ ಇನ್ನೊಂದು ಲೆಕ್ಕ. ಓದಿನ ಮೊದಲ ಮೂರನೇ ಒಂದು ಭಾಗದಲ್ಲಿ ನೂರಕ್ಕೆ 90 ಸರಿ. ನಡುವಿನ ಭಾಗದಲ್ಲಿ 71. ಕೊನೆಯ ಭಾಗದಲ್ಲಿ 57. ನಿಮಗೆ ಐದು ಸುತ್ತಿನಲ್ಲಿ ಆಗಿದ್ದು ಅವರಿಗೆ 66 ಸುತ್ತಿನಲ್ಲಿ ಆಯಿತು. ಅಂದರೆ ರೋಗ ಒಂದೇ. ಅವರ ಯಂತ್ರ ಅದನ್ನು ಜಾಸ್ತಿ ಹೊತ್ತು ತಡೆದುಕೊಂಡಿತು.

ಅವರಿಗೂ ಒಂದು ಬಾಗಿನ ಸಿಕ್ಕಿತ್ತು. ಬೇಕರಿ ತಿನಿಸುಗಳ ಗುಂಪಿನಲ್ಲಿ ಕೇಕು, ಬ್ರೆಡ್ಡು, ಕುಕೀಸ್ ಎಲ್ಲ ಸರಿಯಾಗಿ ಬರುತ್ತಿದ್ದವು. ಒಂದು ದಿನ ‘ಇಂಟರ್ನೆಟ್ ಕುಕೀಸ್’ ಕೂಡ ತಿನಿಸು ಅಂತ ಸೇರಿತು. ಬ್ರೌಸರಿನಲ್ಲಿ ನಾವು ಅಳಿಸುತ್ತೇವಲ್ಲ, ಅದೇ ಕುಕೀಸ್. ಅದನ್ನು ಅಳಿಸಿದೆ ಅಂತ ಯಾರೋ ಬರೆದಿದ್ದನ್ನು ನೆಲ್ ಓದಿತ್ತು. ಆಮೇಲೆ ‘ಫೈಲುಗಳನ್ನು ಅಳಿಸಿದೆ’ ಅಂತ ಓದಿದಾಗ, ಫೈಲೂ ಬೇಕರಿ ತಿನಿಸೇ ಇರಬೇಕು ಅಂತ ತೀರ್ಮಾನ ಮಾಡಿತು. ನಿಮ್ಮ ಲಂಚ ಮತ್ತು ಏಟು ಬಂದ ದಾರಿ ಇದೇ.

ಅವರು ಇದನ್ನು ತಡೆಯಲು ಮಾಡಿದ ಮುಖ್ಯ ಕೆಲಸ ಎಲ್ಲ ಗುಂಪುಗಳನ್ನೂ ಒಟ್ಟಿಗೆ ಕಲಿಸಿದ್ದು. ಒಂದು ಹೆಸರು ಊರಾಗಿದ್ದರೆ ಅದು ಮನುಷ್ಯ ಆಗಲಾರದು ಅಂತ ಮೊದಲೇ ಹೇಳಿಟ್ಟಿದ್ದರು. ಯಾವ ಗುಂಪಿಗೆ ಯಾವ ಗುಂಪು ಆಗಿಬರುವುದಿಲ್ಲ ಅಂತ ಗೊತ್ತಿದ್ದರೆ, ಒಂದು ಗುಂಪು ತಪ್ಪು ಹೆಸರಿಗೆ ಕೈ ಹಾಕಿದಾಗ ಇನ್ನೊಂದು ಗುಂಪು ‘ಇದು ನಮ್ಮದು, ಬಿಡು’ ಅನ್ನುತ್ತದೆ. ಗದ್ದೆಗೆ ಬದು ಹಾಕಿದ ಹಾಗೆ. ಪಕ್ಕದವನ ಗದ್ದೆ ಅಂತ ಒಂದು ಇದ್ದರೆ ತಾನೇ ಬದು ಬೇಕಾಗುವುದು? ನಿಮ್ಮಲ್ಲಿ ಇರುವುದು ಒಂದೇ ಗದ್ದೆ.

ಹಾಗಾಗಿ ಇವತ್ತೇ ‘ಜನ’ ಅಂತ ಒಂದು ಗುಂಪು ಮಾಡಿ. ಮುಖ್ಯಮಂತ್ರಿ, ರೈತರು, ಶಿಕ್ಷಕಿ, ತಾಯಿ, ಮಹಿಳೆಯರು ಅಂತ ಹತ್ತು ಹದಿನೈದು ಮಾತು ಕೊಡಿ. ‘ಊರು’ ಒಂದು ಗುಂಪು, ‘ನದಿ’ ಒಂದು, ‘ಹಬ್ಬ’ ಒಂದು. ನಿಮಗೆ ಹಬ್ಬದ ಪಟ್ಟಿ ಬೇಡದಿರಬಹುದು. ಆದರೂ ಇರಲಿ. ಜಲಾಶಯದ ಪಟ್ಟಿ ಸರಿ ಇರಬೇಕಾದರೆ ಅದರ ಸುತ್ತಲಿನ ಲೋಕವೂ ಅಷ್ಟಿಷ್ಟು ಗೊತ್ತಿರಬೇಕು. ಮಕ್ಕಳಿಗೂ ಹೀಗೇ ಅಲ್ವಾ ಮೇಡಂ, ನದಿಯೊಂದನ್ನೇ ಕಲಿಸಲು ಆಗುವುದಿಲ್ಲ.

ಇನ್ನೊಂದು. ನೆಲ್ ಒಂದೇ ಕಣ್ಣಿನಿಂದ ಓದುತ್ತಿರಲಿಲ್ಲ. ಒಂದು ಭಾಗ ವಾಕ್ಯದಲ್ಲಿ ಹಿಂದೆ ಮುಂದೆ ಏನಿದೆ ಅಂತ ನೋಡುತ್ತಿತ್ತು. ಒಂದು ಭಾಗ ಪುಟದಲ್ಲಿರುವ ಪಟ್ಟಿ, ಕೋಷ್ಟಕ ನೋಡುತ್ತಿತ್ತು. ಮತ್ತೊಂದು ಭಾಗ ಪದದ ರೂಪವನ್ನೇ ನೋಡುತ್ತಿತ್ತು. ಇನ್ನೊಂದು, ಗೊತ್ತಿರುವ ಸಂಗತಿಗಳಿಂದ ಹೊಸ ನಿಯಮ ಊಹಿಸುತ್ತಿತ್ತು. ಒಂದೇ ಕಡೆಯಿಂದ ಬಂದ ಮಾತಾದರೆ ಬಹಳ ಗಟ್ಟಿ ಇದ್ದರೆ ಮಾತ್ರ ಒಪ್ಪುವುದು. ಎರಡು ಮೂರು ಕಡೆಯಿಂದ ಬಂದರೆ ಸ್ವಲ್ಪ ಸಡಿಲ ಇದ್ದರೂ ಒಪ್ಪುವುದು. ನೀವು ಸದ್ಯಕ್ಕೆ ಎರಡು ಕಣ್ಣು ಇಟ್ಟುಕೊಳ್ಳಿ, ವಾಕ್ಯ ಮತ್ತು ಪಟ್ಟಿ. ಕನ್ನಡ ವಿಕಿಪೀಡಿಯ 2003ರಿಂದ ಇದೆ, ಅಲ್ಲಿನ ಪುಟಗಳಲ್ಲಿ ಪಟ್ಟಿ, ಕೋಷ್ಟಕ ಬೇಕಾದಷ್ಟಿವೆ.

ಪದದ ರೂಪವನ್ನು ನಂಬುವ ಮೊದಲು ಯೋಚಿಸಿ. ನಾನು ‘ಕೆರೆ’ ಅಂತ ಮುಗಿಯುವುದೆಲ್ಲ ಕೆರೆ ಅಂತ ಬರೆದುಬಿಟ್ಟಿದ್ದೆ. ಅರಸೀಕೆರೆ, ಚಳ್ಳಕೆರೆ, ಹೊಳಲ್ಕೆರೆ ಮೂರೂ ನೀರಿನ ಪಟ್ಟಿಗೆ ಹೋದವು. ‘ಸಾಗರ’ ಇನ್ನೂ ಕಷ್ಟ. ಅದು ಸಮುದ್ರ, ಅದು ನಿಮ್ಮ ಜಿಲ್ಲೆಯ ತಾಲ್ಲೂಕು, ಅದು ಕೃಷ್ಣರಾಜಸಾಗರ, ವಾಣಿವಿಲಾಸ ಸಾಗರ, ಬಸವಸಾಗರದ ಬಾಲ. ಕೃಷ್ಣರಾಜಸಾಗರ ಅಂತ ಓದಿ ಅದು ಕೃಷ್ಣಾ ನದಿಗೆ ಕಟ್ಟಿದ್ದು ಅಂತ ನನ್ನ ಯಂತ್ರ ಒಂದು ತಿಂಗಳು ನಂಬಿಕೊಂಡಿತ್ತು. ಕೆಆರ್‌ಎಸ್, ಕೃಷ್ಣರಾಜಸಾಗರ, ಕನ್ನಂಬಾಡಿ ಕಟ್ಟೆ ಮೂರೂ ಒಂದೇ ಅಂತ ನಾನು ಕೈಯಿಂದ ಬರೆದ ಮೇಲೆ ಸರಿಹೋಯಿತು. ಅಂಥ ಕಡೆ ಕೈ ಹಾಕಲು ಸಂಕೋಚ ಬೇಡ. ನೆಲ್‌ನಲ್ಲೂ ಯಂತ್ರ ಊಹಿಸಿದ ನಿಯಮಗಳನ್ನು ಮನುಷ್ಯರು ಆಗಾಗ ನೋಡಿ ಸೋಸುತ್ತಿದ್ದರು.

ಒಂದು ವಿಷಯದಲ್ಲಿ ಮಾತ್ರ ಅವರನ್ನು ಅನುಸರಿಸಬೇಡಿ. ಆ ಮೊದಲ ನೆಲ್ ಒಮ್ಮೆ ನಂಬಿದ್ದನ್ನು ಮತ್ತೆ ಬಿಡುತ್ತಿರಲಿಲ್ಲ. ನಿಮ್ಮದು ಬಿಡುವುದನ್ನೂ ಕಲಿಯಲಿ. ಪ್ರತಿ ಸುತ್ತಿನ ಕೊನೆಗೆ, ಬೇರೆ ಗುಂಪಿನಲ್ಲಿ ಜಾಸ್ತಿ ಗುರುತು ಸಿಕ್ಕಿದ ಹೆಸರನ್ನು ಹೊರಗೆ ಹಾಕುವ ಹಾಗೆ ನಾಲ್ಕು ಸಾಲು ಬರೆಯಿರಿ. ಆ ಹೆಸರಿನಿಂದ ಹುಟ್ಟಿದ ಗುರುತುಗಳೂ ಜೊತೆಗೇ ಹೋಗಬೇಕು. ಗರ್ಭಿಣಿಯರು ಹೊರಗೆ ಹೋದರೂ ‘ಆರೋಗ್ಯ ತಪಾಸಣೆ’ ಒಳಗೇ ಉಳಿದರೆ ಮತ್ತೆ ಅದೇ ಕಥೆ.

ಹಾಸನದ ಮೇಷ್ಟ್ರು

ನನಗೆ ಪ್ರೋಗ್ರಾಮು ಬರೆಯಲು ಬರುವುದಿಲ್ಲ. ಮೂವತ್ತು ವರ್ಷ ಕನ್ನಡ ವ್ಯಾಕರಣ ಕಲಿಸಿದ್ದೇನೆ. ಪದಜಾಲ ಅವರು ಹೇಳಿದ್ದೆಲ್ಲ ಸರಿ. ಆದರೆ ಇಂಗ್ಲಿಷಿಗೆ ಮಾಡಿದ್ದನ್ನು ಕನ್ನಡಕ್ಕೆ ಹಾಗೇ ತಂದರೆ ಎರಡು ಕಡೆ ಎಡವುತ್ತೀರಿ. ಒಂದು ಕಡೆ ಲಾಭವೂ ಇದೆ.

ಮೊದಲನೆಯದು, ನಮ್ಮಲ್ಲಿ ಉದಾಹರಣೆ ಮೊದಲು ಬರುತ್ತದೆ, ಜಾತಿ ಆಮೇಲೆ. ‘ಮಾವು, ಹಲಸು, ಬಾಳೆ ಮೊದಲಾದ ಹಣ್ಣುಗಳು’ ಅನ್ನುತ್ತೇವೆ. ‘ತುಂಗಾ, ಭದ್ರಾ, ಶರಾವತಿ ಮುಂತಾದ ನದಿಗಳು’. ಇಂಗ್ಲಿಷಿನವರು ಹೆಚ್ಚಾಗಿ ಹಣ್ಣು ಅಂತ ಮೊದಲು ಹೇಳಿ ಆಮೇಲೆ ಮಾವು ಅನ್ನುತ್ತಾರೆ. ನಿಮ್ಮ ಪ್ರೋಗ್ರಾಮು ‘ಮೊದಲಾದ’, ‘ಮುಂತಾದ’, ‘ಇತ್ಯಾದಿ’ ಸಿಕ್ಕಿದ ಕೂಡಲೇ ನಿಂತು, ಹಿಂದೆ ತಿರುಗಿ ಅಲ್ಪವಿರಾಮ ಇರುವ ತನಕ ಓದಬೇಕು. ಈ ಮೂರು ಪದಗಳಷ್ಟು ಪ್ರಾಮಾಣಿಕವಾದ ಪದ ಕನ್ನಡದಲ್ಲಿ ಬೇರೆ ಸಿಗುವುದು ಕಷ್ಟ. ‘ತಿಂದ’ ಅನ್ನುವುದು ಮೋಸ ಮಾಡುತ್ತದೆ. ‘ಮೊದಲಾದ ತಿಂಡಿಗಳು’ ಅನ್ನುವ ಕಡೆ ಯಾರೂ ಏಟನ್ನು, ಲಂಚವನ್ನು ಸೇರಿಸಿ ಬರೆಯುವುದಿಲ್ಲ.

ಎರಡನೆಯದು ಪ್ರತ್ಯಯ. ಹೆಸರಿಗೆ ಅಂಟಿಕೊಂಡೇ ಬರುತ್ತದೆ. ಅದನ್ನು ಬಿಡಿಸುವಾಗ ಹುಷಾರು. ‘ರಾಮನ’ ಅನ್ನುವುದರಲ್ಲಿ ‘ನ’ ತೆಗೆದರೆ ರಾಮ ಸಿಗುತ್ತಾನೆ. ಅದೇ ಕತ್ತರಿ ನಮ್ಮೂರಿಗೆ ಹಾಕಿದರೆ ‘ಹಾಸ’ ಉಳಿಯುತ್ತದೆ. ‘ಮೈಸೂರಿನ’ ಅನ್ನುವುದರಲ್ಲಿ ‘ಇನ’ ತೆಗೆದರೆ ಸಾಲದು, ‘ಉ’ ವಾಪಸ್ ಕೊಡಬೇಕು. ಸುಮ್ನೆ ಕತ್ತರಿಸುವ ಮೊದಲು, ಕತ್ತರಿಸಿ ಉಳಿದ ರೂಪ ಬೇರೆ ಎಲ್ಲಾದರೂ ಒಂಟಿಯಾಗಿ ಬಂದಿದೆಯಾ ಅಂತ ನೋಡಿ. ‘ರಾಮ’ ಸಾವಿರ ಕಡೆ ಒಂಟಿಯಾಗಿ ಬಂದಿರುತ್ತದೆ. ‘ಹಾಸ’ ಅನ್ನುವ ಊರು ಎಲ್ಲೂ ಬಂದಿರುವುದಿಲ್ಲ.

ಇನ್ನು ಲಾಭ. ಇಂಗ್ಲಿಷಿನಲ್ಲಿ ಹೆಸರಿಗೆ ದೊಡ್ಡ ಅಕ್ಷರ ಇರುತ್ತದೆ, ಯಂತ್ರಕ್ಕೆ ಸುಲಭ. ನಮಗೆ ದೊಡ್ಡ ಅಕ್ಷರ ಇಲ್ಲ. ಜ್ಯೋತಿ ಅಂದರೆ ದೀಪವೋ ಹುಡುಗಿಯೋ ಬರೆದಿದ್ದನ್ನು ನೋಡಿದರೆ ತಿಳಿಯುವುದಿಲ್ಲ. ಆದರೆ ನಮ್ಮ ಕ್ರಿಯಾಪದ ಹೇಳುತ್ತದೆ. ‘ಜ್ಯೋತಿ ಬಂದಳು’, ‘ಜ್ಯೋತಿ ಆರಿತು’. ಕಾವೇರಿ, ಹೇಮಾವತಿ, ನೇತ್ರಾವತಿ ಮೂರೂ ನದಿ, ಮೂರೂ ಹೆಣ್ಣುಮಕ್ಕಳ ಹೆಸರು. ‘ತುಂಬಿದೆ’, ‘ಉಕ್ಕಿದೆ’ ಅಂತ ಮುಗಿದರೆ ನದಿ. ‘ಹೇಳಿದರು’, ‘ಮಾತನಾಡಿದರು’ ಅಂತ ಮುಗಿದರೆ ಮನುಷ್ಯರು. ಪೇಪರಿನವರು ಭಾವುಕರಾಗಿ ‘ಕಾವೇರಿ ಮೈದುಂಬಿ ಹರಿದಳು’ ಅಂತ ಬರೆಯುವುದುಂಟು. ಅಂಥದ್ದು ನೂರರಲ್ಲಿ ಒಂದೋ ಎರಡೋ. ಉಳಿದದ್ದಕ್ಕೆ ವ್ಯಾಕರಣವೇ ಕಾವಲು.

ವಿಭಕ್ತಿಯೂ ಅಷ್ಟೇ. ‘ಸಾಗರಕ್ಕೆ’ ಹೋದರು ಅಂದರೆ ಊರೋ ಸಮುದ್ರವೋ. ‘ಸಾಗರನಿಗೆ’ ಕೊಟ್ಟರು ಅಂದರೆ ಹುಡುಗ. ಮುತ್ತೈದೆಯ‘ರಿಗೆ’ ಬಾಗಿನ, ಜಲಾಶಯ‘ಕ್ಕೆ’ ಬಾಗಿನ. ಈ ಒಂದು ಗುರುತು ನಿಮ್ಮ ಪ್ರೋಗ್ರಾಮಿಗೆ ಗೊತ್ತಿದ್ದಿದ್ದರೆ ನಾಲ್ಕನೇ ಸುತ್ತಿನ ತೊಂದರೆ ಬಹಳ ಮಟ್ಟಿಗೆ ಬರುತ್ತಿರಲಿಲ್ಲ ಮೇಡಂ. ತಾಯಿಗೂ ಕಬಿನಿಗೂ ಮಾತ್ರ ಎರಡಕ್ಕೂ ‘ಗೆ’ಯೇ, ಅಲ್ಲಿ ಪದಜಾಲ ಅವರ ಬದು ಬೇಕು.

ಕಡಲತಡಿ

ಒಂದು ಅನುಮಾನ. ಈಗ ಕೇಳಿದ ಕೂಡಲೇ ಉತ್ತರ ಕೊಡುವ ಎಐ ಚಾಟ್ ಬಂದಿದೆ. ಅದು ಅಂತರ್ಜಾಲವನ್ನೆಲ್ಲ ಓದಿಯೇ ಕಲಿತಿದ್ದು. ಅದನ್ನೇ ಕೇಳಿದರೆ ಪಟ್ಟಿ ಕೊಡುತ್ತದೆ. ಇಷ್ಟೆಲ್ಲ ಕಷ್ಟ ಯಾಕೆ?

ಪದಜಾಲ

ಕೇಳಬೇಕಾದ ಪ್ರಶ್ನೆಯೇ. ನಾನೂ ದಿನಾ ಅದನ್ನು ಬಳಸುತ್ತೇನೆ. ಆದರೆ ಮೇಡಂ ಅವರ ಪಟ್ಟಿ ಮಕ್ಕಳ ಕೈಗೆ ಹೋಗುತ್ತದೆ. ‘ಇದು ಎಲ್ಲಿ ಬರೆದಿದೆ ಮಿಸ್?’ ಅಂತ ಒಂದು ಮಗು ಕೇಳಿದರೆ ತೋರಿಸಲು ಸಾಲು ಬೇಕು. ಮೇಡಂ ಮಾಡುತ್ತಿರುವ ಪಟ್ಟಿಯಲ್ಲಿ ಪ್ರತಿ ಸಂಗತಿಯ ಪಕ್ಕ ಅದು ಬಂದ ವಾಕ್ಯ, ಪುಟ, ದಿನಾಂಕ ಇಡಬಹುದು. ತಪ್ಪಾದರೆ ಯಾವ ಸಾಲಿನಿಂದ ತಪ್ಪಾಯಿತು ಅಂತ ಬೆರಳಿಟ್ಟು ಹೇಳಬಹುದು. ಚಾಟಿನಲ್ಲಿ ಆ ದೊಡ್ಡ ಓದೆಲ್ಲ ಕರಗಿ ಹೋಗಿರುತ್ತದೆ, ಯಾವ ಸಾಲು ಎಲ್ಲಿಂದ ಬಂತು ಅಂತ ಅದರ ಒಳಗಿನಿಂದ ತೆಗೆಯುವುದು ಕಷ್ಟ. ಹುಡುಕಿ ಪುಟ ತೋರಿಸುವ ಚಾಟೂ ಇದೆ. ಆದರೆ ಒಂದೂರಿನ ಕೆರೆಯ ಬಗ್ಗೆ ಇಡೀ ಅಂತರ್ಜಾಲದಲ್ಲಿ ಎರಡು ಸಾಲು ಇದ್ದರೆ, ಆ ಎರಡು ಸಾಲನ್ನು ಯಾರಾದರೂ ಹೆಕ್ಕಿ ಇಡಲೇಬೇಕು.

ದಿನಾಂಕ ಅಂದೆನಲ್ಲ, ಅದು ಬಹಳ ಮುಖ್ಯ. ತುಂಗಭದ್ರಾ ಅಣೆಕಟ್ಟು ಯಾವ ಜಿಲ್ಲೆಯಲ್ಲಿದೆ ಅಂತ ಹುಡುಕಿ ನೋಡಿ. ಹೊಸಪೇಟೆ ಬಳ್ಳಾರಿ ಜಿಲ್ಲೆಯಲ್ಲಿದ್ದ ಕಾಲದ ಪುಟಗಳೇ ಜಾಸ್ತಿ ಸಿಗುತ್ತವೆ. ವಿಜಯನಗರ ಜಿಲ್ಲೆ ಆಗಿದ್ದು 2021ರಲ್ಲಿ. ಎಷ್ಟು ಸಲ ಬಂದಿದೆ ಅಂತ ಮಾತ್ರ ಎಣಿಸುವ ಯಂತ್ರ ಇವತ್ತಿಗೂ ಬಳ್ಳಾರಿ ಅನ್ನುತ್ತದೆ. ಹರಪನಹಳ್ಳಿಯಂತೂ ಬಳ್ಳಾರಿಯಲ್ಲಿತ್ತು, 1997ರಲ್ಲಿ ದಾವಣಗೆರೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, ಈಗ ವಿಜಯನಗರದಲ್ಲಿದೆ. ನಾಲ್ಕು ಮಾತೂ ಒಂದೊಂದು ಕಾಲಕ್ಕೆ ನಿಜ. ಗುಲ್ಬರ್ಗ ಅಂತ ಬರೆದ ಪುಟವನ್ನೂ ಕಲಬುರಗಿ ಅಂತ ಬರೆದ ಪುಟವನ್ನೂ ಒಂದೇ ಊರಿಗೆ ಸೇರಿಸಬೇಕು. ಅಷ್ಟೇ ಯಾಕೆ, ನೀವು ತಾಲ್ಲೂಕು ಅಂತ ಬರೆದಿದ್ದೀರಿ, ಎಷ್ಟೋ ಪುಟಗಳಲ್ಲಿ ತಾಲೂಕು ಅಂತ ಇರುತ್ತದೆ. ಎರಡನ್ನೂ ಒಂದೇ ಅಂತ ಹೇಳಿಕೊಡದಿದ್ದರೆ ಅರ್ಧ ಊರು ಕೈತಪ್ಪುತ್ತವೆ.

ಹಳೆಯ ಪಿಡಿಎಫ್‌ಗಳ ಬಗ್ಗೆಯೂ ಹೇಳಿಬಿಡುತ್ತೇನೆ. ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ, ಯೂನಿಕೋಡ್, ಕನ್ನಡದಲ್ಲಿ ಬಳಕೆಗೆ ಬರುವ ಮೊದಲಿನ ‘ನುಡಿ’, ‘ಬರಹ’ ತಂತ್ರಾಂಶಗಳ ಫಾಂಟುಗಳಲ್ಲಿ ಇರುವುದನ್ನು ಹಾಗೇ ಎಳೆದುಕೊಂಡರೆ ಇಂಗ್ಲಿಷ್ ಅಕ್ಷರಗಳ ಕಸ ಬರುತ್ತದೆ. ಪರಿವರ್ತಕ ಹಾಕಿದ ಮೇಲೇ ಓದಿಸಿ. ನೀರಾವರಿಯ ಒಳ್ಳೊಳ್ಳೆ ಬರಹ ಎಷ್ಟೋ ಅಲ್ಲೇ ಹೂತಿವೆ.

ತುಂಗಾತೀರ

ಪದಜಾಲ ಸರ್, ಮೇಷ್ಟ್ರೇ, ನಿಮ್ಮಿಬ್ಬರಿಗೂ ಎಷ್ಟು ಧನ್ಯವಾದ ಹೇಳಿದರೂ ಸಾಲದು. ಐದು ವಾರ ಆಯಿತು, ಏನಾಯಿತು ಅಂತ ಹೇಳಲು ಬಂದೆ.

ಜನ, ಊರು, ನದಿ, ಹಬ್ಬ, ತಿಂಡಿ, ಜಲಾಶಯ ಆರೂ ಗುಂಪು ಒಟ್ಟಿಗೆ ಓಡಿಸಿದೆ. ‘ರಿಗೆ’ ಮತ್ತು ‘ಕ್ಕೆ’ ಗುರುತು ಸೇರಿಸಿದೆ. ಬಾಗಿನ ಹಾಗೇ ಇದೆ. ಮುತ್ತೈದೆಯರು ಎರಡನೇ ಸುತ್ತಿಗೇ ಜನರ ಗುಂಪಿಗೆ ಹೋಗಿ ಕೂತರು. ಹತ್ತು ಸುತ್ತು ಆದರೂ ಪಟ್ಟಿಯಲ್ಲಿ ನೀರೇ ಇದೆ. ‘ಕೋಡಿ ಬಿದ್ದಿದೆ’ ಅನ್ನುವ ಮಾತನ್ನು ತಾನಾಗಿ ಹಿಡಿದು, ನಮ್ಮ ಸುತ್ತಮುತ್ತಲಿನ ಹನ್ನೊಂದು ಕೆರೆ ತಂದಿದೆ. ಅದರಲ್ಲಿ ನಾಲ್ಕರ ಹೆಸರು ನಾನೇ ಕೇಳಿರಲಿಲ್ಲ. ‘ಮೊದಲಾದ’ ಹಾಕಿದ ಮೇಲೆ ಲಂಚ, ಏಟು ಎರಡೂ ತಿಂಡಿಯಿಂದ ಹೋದವು.

ಶನಿವಾರ ಬೆಳಗಿನ ಕೊನೆಯ ಪೀರಿಯಡ್‌ನಲ್ಲಿ ಒಂಬತ್ತನೇ ತರಗತಿಯ ಮಕ್ಕಳಿಗೆ ತಲಾ ಇಪ್ಪತ್ತು ಸಾಲು ಮುದ್ರಿಸಿ ಕೊಡುತ್ತಿದ್ದೇನೆ. ಸಂಗತಿ ಒಂದು ಕಡೆ, ಅದು ಬಂದ ವಾಕ್ಯ ಇನ್ನೊಂದು ಕಡೆ. ಸರಿ ಇದ್ದರೆ ಸರಿ, ತಪ್ಪಿದ್ದರೆ ಯಾಕೆ ಅಂತ ಬರೆಯಬೇಕು. ತುಂಬ ಗಮನ ಕೊಟ್ಟು ಓದುತ್ತಾರೆ.

ಹೋದ ವಾರ ಒಂದು ಹುಡುಗಿಯ ಹಾಳೆಯಲ್ಲಿ ಹೀಗಿತ್ತು. ‘ಶರಾವತಿ – ಲಿಂಗನಮಕ್ಕಿ’ ಸರಿ ಅಂತ ಗುರುತು. ‘ಶರಾವತಿ – ಗೇರುಸೊಪ್ಪ’ ಸರಿ. ‘ಶರಾವತಿ – ಹಿರೇಭಾಸ್ಕರ’ ಪಕ್ಕ ಸರಿಯೂ ಹಾಕಿಲ್ಲ, ತಪ್ಪೂ ಹಾಕಿಲ್ಲ. ಕೆಳಗೆ ಪೆನ್ಸಿಲಿನಲ್ಲಿ ಬರೆದಿದ್ದಳು: ‘ಇದು ನೀರಿನ ಒಳಗೆ ಇದೆ ಮಿಸ್. ನಮ್ಮಜ್ಜಿ ನೋಡಿದ್ದಾರೆ.’

ಅವಳು ಹೇಳಿದ್ದು ಸರಿ. ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಲಿಂಗನಮಕ್ಕಿಗಿಂತ ಮೊದಲಿನದು. 1964ರಲ್ಲಿ ಲಿಂಗನಮಕ್ಕಿ ಆದಮೇಲೆ ಅದರ ಹಿನ್ನೀರಿನಲ್ಲೇ ಮುಳುಗಿತು. ನೀರು ಬಹಳ ಇಳಿದ ವರ್ಷ ಮತ್ತೆ ಕಾಣುತ್ತದೆ. ಆ ಹುಡುಗಿಯ ಮನೆಯವರೂ ಮುಳುಗಡೆಯಾಗಿ ಇತ್ತ ಬಂದವರು. ಯಂತ್ರ ತಂದ ವಾಕ್ಯ ನೋಡಿದೆ, ‘ಕಟ್ಟಲಾಗಿತ್ತು’ ಅಂತ ಇತ್ತು. ‘ಕಟ್ಟಲಾಗಿದೆ’ಗೂ ‘ಕಟ್ಟಲಾಗಿತ್ತು’ಗೂ ನಾನು ಬೇರೆ ಬೇರೆ ಮನೆ ಮಾಡಿರಲಿಲ್ಲ. ಎರಡನ್ನೂ ಒಂದೇ ಪ್ರತ್ಯಯ ಅಂತ ಸವರಿಬಿಟ್ಟಿದ್ದೆ.

ಮೇಷ್ಟ್ರೇ, ಇದಕ್ಕೆ ನಿಮ್ಮನ್ನೇ ಕೇಳಬೇಕು. ‘ಇತ್ತು’ ಅಂತ ಮುಗಿದಿದ್ದೆಲ್ಲ ಈಗ ಇಲ್ಲ ಅಂತ ತಿಳಿಯಬಹುದಾ? ಅಥವಾ ‘ಆ ವರ್ಷ ಕಟ್ಟಲಾಗಿತ್ತು’ ಅಂತ ಬರೆದು, ಇವತ್ತಿಗೂ ಗಟ್ಟಿಯಾಗಿ ನಿಂತಿರುವುದೂ ಇರುತ್ತದೆಯಾ? ಸದ್ಯಕ್ಕೆ ‘ಈಗ ಇದೆಯಾ’ ಅಂತ ಒಂದು ಖಾಲಿ ಕಾಲಮ್ ಮಾಡಿ, ಅದನ್ನು ಮಕ್ಕಳೇ ಮನೆಯಲ್ಲಿ ಕೇಳಿಕೊಂಡು ಬಂದು ತುಂಬುತ್ತಿದ್ದಾರೆ.